ಖಾಲಿ ಹೊಟ್ಟೆಯ ಚಿಕಿತ್ಸೆ

ಪುರಾಣಕಾಲದ ನಾಯಿಗಳು ಸ್ವರ್ಗದ ಬಾಗಿಲಿನವರೆಗೂ ನಡೆದುಹೋಗುತ್ತಿದ್ದವಂತೆ. ಮ್ಯಾನೇಜರರ ನಾಯಿಗಾದರೋ ಸೋಫಾ ಹತ್ತುವುದೇ ಸ್ವರ್ಗಾರೋಹಣವಾಗಿತ್ತು. ಹಿಂಗಾಲಿನ ಕೀಲು ಸವೆದು, ಮೂರು ಕಾಲುಗಳಲ್ಲಿ ನಡೆಯುತ್ತ, ನಾಲ್ಕನೆಯದನ್ನು ಕೇವಲ ಅಲಂಕಾರಕ್ಕೆಂದು ಧರಿಸಿತ್ತು. ಅದರ ಹೊಟ್ಟೆಯ ಕೊಬ್ಬನ್ನೇ ಕೊಂಚ ತೆಗೆದು, ಅದರೊಳಗಿನ, ಸವೆದದ್ದನ್ನು ಮತ್ತೆ ಬೆಳೆಸಬಲ್ಲವೆನ್ನುವ ಆಕರಕೋಶಗಳನ್ನು (ಸ್ಟೆಮ್ ಸೆಲ್) ಬೇರ್ಪಡಿಸಿ, ಸಂಜೆಯೊಳಗೆ ನೋಯುವ ಕೀಲಿಗೆ ಚುಚ್ಚುವುದೆಂದು ಪಶುವೈದ್ಯೆ ನಿಶ್ಚಯಿಸಿದ್ದರು. ಆಸ್ಪತ್ರೆಗೆ ಕರೆದೊಯ್ಯುವ ಭಾರ ಕಚೇರಿಯ ಗುಮಾಸ್ತನ ಹೆಗಲಿಗೆ ಬಿತ್ತು.

ಗುಮಾಸ್ತನಿಗೂ ಒಂದು ನೋವಿತ್ತು. ಹೆಂಡತಿ, ಮಗಳು ಬೇರೊಂದು ಊರಿನಲ್ಲಿ. ಇವನು ಇಲ್ಲಿ ಒಂಟಿ ಕೋಣೆಯಲ್ಲಿ. ಅವರಿರುವ ಊರಿಗೆ ವರ್ಗಾವಣೆಯಾಗಲು ಮ್ಯಾನೇಜರರ ಸಹಿಯೊಂದೇ ಬಾಕಿ.

"ನಾಯಿ ಸರಿಹೋದ್ರೆ ನಿಮ್ಮದೂ ಸರಿಹೋಯ್ತು ಅಂದ್ಕೊಳ್ಳಿ," ಎಂದು ಮ್ಯಾನೇಜರರು ಹಗ್ಗವನ್ನು ಕೈಗಿತ್ತರು. "ನೆನಪಿರಲಿ ಕಣ್ರೀ, ಮಂಪರು ಕೊಡ್ತಾರೆ. ಹೊಟ್ಟೆ ಖಾಲಿ ಇರ್ಬೇಕು. ಒಂದು ಚೂರೂ ಕೂಡದು."

ನೆಟ್ಟಗೆ ಆಸ್ಪತ್ರೆಗೆ ಹೋಗಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಹಾಜರಿ ಹಾಕದೆ ಕರ್ತವ್ಯಕ್ಕೆ ಹೊರಡುವುದು ಗುಮಾಸ್ತನ ಧರ್ಮಶಾಸ್ತ್ರಕ್ಕೆ ಒಗ್ಗದು. ಕಚೇರಿಯ ವರಾಂಡದ ಕಂಬಕ್ಕೆ ನಾಯಿಯನ್ನು ಕಟ್ಟಿ ಒಳಗೆ ಹೋದ.

ಮ್ಯಾನೇಜರರ ನಾಯಿ! ಬೆಲ್ಲಕ್ಕೆ ಇರುವೆ ಮುತ್ತಿದಂತೆ ಸಿಬ್ಬಂದಿ ಮುತ್ತಿತು. "ಅಯ್ಯೋ ಕಂದಾ, ಹೊಟ್ಟೆ ಹಸೀತಾ?" ಎಂದು ಟೈಪಿಸ್ಟಮ್ಮ ಬಿಸ್ಕತ್ತು ಕೊಟ್ಟರು. ಹೆಡ್ ಕ್ಲರ್ಕು ತಮ್ಮ ಬನ್ನನ್ನು ಅರ್ಪಿಸಿದರು. ಕ್ಯಾಷಿಯರು ತಾವೊಬ್ಬರೇ ಹಿಂದೆ ಬೀಳಬಾರದೆಂದು ಬೇಯಿಸಿದ ಮೊಟ್ಟೆಯನ್ನೇ ಸಮರ್ಪಿಸಿದರು. ಮೇಲಧಿಕಾರಿಯ ಕಾಲು ಹಿಡಿಯಲು ಸಂಕೋಚಪಡುವವರಿಗೆ ಅವರ ನಾಯಿಯ ಬಾಯಿ ಸುಲಭಮಾರ್ಗ.

ಗುಮಾಸ್ತ ಹೊರಬಂದಾಗ ನಾಯಿ ತುಟಿ ನೆಕ್ಕುತ್ತಿತ್ತು. ಮೂವರೂ ಆಕಾಶ ನೋಡುತ್ತಿದ್ದರು.

"ಏನೂ ತಿಂದಿಲ್ಲ ತಾನೇ?" ಎಂದು ಆಸ್ಪತ್ರೆಯಲ್ಲಿ ಕೇಳಿದರು ವೈದ್ಯೆ.

"ಕಟ್ಟುನಿಟ್ಟಿನ ಉಪವಾಸ ಮೇಡಂ."

ಆಕೆ ನಾಯಿಯ ಹೊಟ್ಟೆಯ ಕೂದಲನ್ನು ಅಂಗೈಯಗಲ ಬೋಳಿಸಿದರು. ಮಂಪರಿನ ಸೂಜಿಯನ್ನು ಎತ್ತಿಕೊಳ್ಳುವಷ್ಟರಲ್ಲಿ ನಾಯಿ ಒಮ್ಮೆ ಕೆಮ್ಮಿತು. ಬಿಸ್ಕತ್ತು, ಬನ್ನು, ಮೊಟ್ಟೆ ಮೂರೂ ಆಕೆಯ ಬಿಳಿ ಕೋಟಿನ ಮೇಲೆ ಬಂದು ಸಾಕ್ಷಿ ನುಡಿದವು.

"ಇದೇನಾ ನಿಮ್ಮ ಉಪವಾಸ? ಮಂಪರಲ್ಲಿ ಹೀಗೆ ಕಕ್ಕಿದ್ರೆ ಉಸಿರೇ ಕಟ್ಟುತ್ತೆ! ಇವತ್ತು ಆಗಲ್ಲ, ಮುಂದಿನ ವಾರ ಬನ್ನಿ. ಚುಚ್ಚಿದ ಮೇಲೂ ಗುಣ ಕಾಣೋಕೆ ತಿಂಗಳುಗಳೇ ಬೇಕು, ನಿಮ್ಮ ಯಜಮಾನರಿಗೆ ಹೇಳಿ."

ಯಜಮಾನರಿಗೆ ಹೇಳುವ ವಾಕ್ಯವನ್ನು ಜೋಡಿಸುತ್ತ ಗುಮಾಸ್ತ ಮಧ್ಯಾಹ್ನವೆಲ್ಲ ಆಸ್ಪತ್ರೆಯ ಬೆಂಚಿನಲ್ಲೇ ಕುಳಿತ. ಸಂಜೆ ನಾಯಿಯೊಂದಿಗೆ ಕಚೇರಿಗೆ ಬಂದು ಬಾಯಿ ತೆರೆದ.

"ಸಾರ್, ಏನಾಯ್ತು ಅಂದ್ರೆ..."

ಮ್ಯಾನೇಜರರ ದೃಷ್ಟಿ ನಾಯಿಯ ಬೋಳು ಹೊಟ್ಟೆಯ ಮೇಲೆ ಬಿತ್ತು. "ಶ್! ಮಾತಾಡ್ಬೇಡಿ. ಆ ಕಾಲು ನೋಡಿ, ಹೇಗೆ ಊರ್ತಿದೆ!"

ಕಾಲು ನೆಲದಿಂದ ಗೇಣೆತ್ತರದಲ್ಲೇ ತೂಗುತ್ತಿತ್ತು.

"ಜಿಂಕೆ ಸಾರ್, ಜಿಂಕೆ!" ಎಂದರು ಹೆಡ್ ಕ್ಲರ್ಕು.

"ಮುಖದಲ್ಲೇ ಎಂಥ ಕಳೆ!" ಎಂದರು ಟೈಪಿಸ್ಟಮ್ಮ. ಕ್ಯಾಷಿಯರಿಗೆ ಅದರ ವಯಸ್ಸೇ ಇಳಿದಂತೆ ಕಂಡಿತು.

ಸತ್ಯವನ್ನು ಪ್ರಿಯವಾಗಿ ನುಡಿಯಬೇಕೆಂಬ ಹಿರಿಯರ ಮಾತು ನೆನಪಾಗಿ, ಗುಮಾಸ್ತ ಪ್ರಿಯವನ್ನು ಉಳಿಸಿಕೊಂಡು ಸತ್ಯವನ್ನು ನುಂಗಿದ.

"ಎಲ್ಲಾ ನಿಮ್ಮ ಕೈಗುಣ ಕಣ್ರೀ!" ಮ್ಯಾನೇಜರರು ಅವನ ಬೆನ್ನು ತಟ್ಟಿದರು. "ಇವತ್ತೇ ವರ್ಗಾವಣೆಗೆ ಸಹಿ ಹಾಕೋಣ ಅಂತಿದ್ದೆ. ಇನ್ನು ನಿಮ್ಮನ್ನ ಬಿಡೋಕಾಗುತ್ತಾ? ಭಾವನ ನಾಯಿಗೆ ಮಂಡಿ, ನಮ್ಮತ್ತೆ ನಾಯಿಗೆ ಸೊಂಟ, ಡೈರೆಕ್ಟರ್ ಸಾಹೇಬರದ್ದು ಎರಡಿವೆ, ಎರಡೂ ಕುಂಟ್ತವೆ. ಎಲ್ಲಕ್ಕೂ ನೀವೇ ಗತಿ. ವರ್ಗಾವಣೆ ಮಾತು ಮರೆತುಬಿಡಿ!"

ನುಂಗಿದ ಸತ್ಯ ಒಮ್ಮೆಗೇ ಹೊರಬಿತ್ತು. "ಸಾರ್! ಚಿಕಿತ್ಸೆ ಆಗೇ ಇಲ್ಲ ಸಾರ್! ಇವರೆಲ್ಲ ತಿನ್ನಿಸಿ, ಅದು ಕಕ್ಕಿ..."

"ನಾವಾ? ಛೆ ಛೆ!" ಎಂದು ಮೂರು ಕಂಠಗಳು ಒಂದಾದವು.

"ನೋಡಿದ್ರಾ ವಿನಯ!" ಮ್ಯಾನೇಜರರ ಕಣ್ಣು ಒದ್ದೆಯಾಯಿತು. "ಮಾಡಿದ ಉಪಕಾರ ಒಪ್ಪಿಕೊಳ್ಳೋಕೂ ನಾಚಿಕೆ ಪಡೋರು ಈಗ ಎಲ್ಲಿದ್ದಾರೆ?"

"ಕುಂಟ್ತಾ ಇದೆ, ಕಣ್ಣಾರೆ ನೋಡಿ ಸಾರ್!"

"ಅದು ಹಳೇ ಅಭ್ಯಾಸ ಸಾರ್," ಎಂದರು ಹೆಡ್ ಕ್ಲರ್ಕು ಗಂಭೀರವಾಗಿ. "ಕಾಲು ವಾಸಿಯಾಗಿದೆ. ನಾಯಿಗೆ ಇನ್ನೂ ಗೊತ್ತಾಗಿಲ್ಲ, ಅಷ್ಟೆ."

ಅಷ್ಟರಲ್ಲಿ ಗುಮಾಸ್ತನ ಫೋನು ಗುನುಗಿತು; ಆ ಕಡೆ ಹೆಂಡತಿ. "ರೀ, ಏನಾಯ್ತು? ಸಹಿ ಹಾಕಿದ್ರಾ? ಮಗಳು ಬಾಗಿಲಲ್ಲೇ ನಿಂತಿದ್ದಾಳೆ."

ಗುಮಾಸ್ತ ಮೂಲೆಗೆ ಸರಿದು, ಸಾವಿನ ಸುದ್ದಿ ತಿಳಿಸುವವರ ದನಿಯಲ್ಲಿ ಹೇಳಿದ:

"ಇಲ್ಲ ಕಣೇ. ನಾಯಿಗೆ ಪೂರ್ತಿ ಗುಣವಾಗ್ಬಿಟ್ಟಿದೆ."