ಇಪ್ಪತ್ತೊಂದು ತಿಂಗಳ ಲೆಕ್ಕ

ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ವಾಡಿಯ ಲಾಲಪ್ಪನ ಮೊಬೈಲಿಗೆ ಸಂದೇಶ ಬಂತು. ಮಗಳು ಲುಂಬಿನಿಗೆ ಕಲಬುರಗಿಯ ಒಂದು ಖಾಸಗಿ ಕಾಲೇಜಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೀಟು ಸಿಕ್ಕಿತ್ತು. ಮೊದಲ ವರ್ಷದ ಶುಲ್ಕ ಒಂದು ಲಕ್ಷ ಹತ್ತು ಸಾವಿರ ರೂಪಾಯಿಯನ್ನು ಸಂಜೆ ನಾಲ್ಕರೊಳಗೆ ಕಟ್ಟದಿದ್ದರೆ ಸೀಟು ಪಟ್ಟಿಯಲ್ಲಿರುವ ಮುಂದಿನವರ ಪಾಲು.

ಹಣ ಬ್ಯಾಂಕಿನಲ್ಲಿತ್ತು. ಅಡುಗೆಮನೆಯ ತಗಡು ತೆಗೆಸಿ ಸ್ಲ್ಯಾಬ್ ಹಾಕಿಸಲೆಂದು ಆರು ವರ್ಷ ಕೂಡಿಟ್ಟದ್ದು. ಆದರೆ ಲಾಲಪ್ಪ ಬೇಳೆ ಗಿರಣಿಯ ಲಾರಿ ಕಾಟಾದಲ್ಲಿ ಇಪ್ಪತ್ತೆಂಟು ವರ್ಷದಿಂದ ತೂಕ ಬರೆಯುವವನು. ತುಂಬಿದ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆಯುವವರೆಗೆ ತೊಗರಿ ಎಷ್ಟೆಂದು ಮಾಲೀಕ ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಕಾಟಾ ಚೀಟಿಯ ಬೆನ್ನ ಮೇಲೆ ಲೆಕ್ಕ ಬರೆದ. ನಾಲ್ಕು ವರ್ಷದ ಶುಲ್ಕ ನಾಲ್ಕು ಲಕ್ಷ ನಲವತ್ತು ಸಾವಿರ. ಹಾಸ್ಟೆಲ್, ಊಟ ಎರಡು ಲಕ್ಷ ನಲವತ್ತು ಸಾವಿರ. ಪುಸ್ತಕ, ಸಮವಸ್ತ್ರ, ಬಸ್ಸು ನಲವತ್ತು ಸಾವಿರ. ಒಟ್ಟು ಏಳು ಲಕ್ಷ ಇಪ್ಪತ್ತು ಸಾವಿರ.

"ಖರ್ಚು ಗೊತ್ತಾತು. ಗಳಿಕಿ ಗೊತ್ತಾಗವಲ್ದು," ಎಂದ. "ನರ್ಸಿಗೆ ಪಗಾರ ಎಷ್ಟರ ಬರ್ತದ?"

"ಎಷ್ಟರೆ ಬರ್ಲಿ, ಮೊದಲ ಕಟ್ರಿ," ಎಂದಳು ಹೆಂಡತಿ ಅನಸುಬಾಯಿ. "ಹುಡುಗಿ ರಾತ್ರಿಯಿಂದ ಮೊಬೈಲ್ ಹಿಡ್ಕೊಂಡು ಕುಂತಾಳ. ಚಾ ಸುದ್ದ ಕುಡದಿಲ್ಲ."

ಲುಂಬಿನಿ ಹೊಸ್ತಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು. ಈ ಸೀಟಿಗಾಗಿ ಅವಳು ಬಿ.ಎ. ಅರ್ಜಿಯನ್ನೇ ಹಾಕಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ದರ್ಜಿ ಅಬ್ದುಲ್ ಮಜೀದ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಒಳಗೆ ಬಂದ. ಈ ಓಣಿಯಲ್ಲಿ ಯಾರ ಮೊಬೈಲಿಗೆ ಸಂದೇಶ ಬಂದರೂ ಮೊದಲು ಓದುತ್ತಿದ್ದವನು ಅವನೇ.

"ಲಾಲಪ್ಪಣ್ಣಾ, ನಮ್ಮ ಷಡ್ಡಕನ ಮಗಳು ಸೌದಿಯಾಗ ನರ್ಸ್ ಇದ್ದಾಳ, ಒಂದೂವರೆ ಲಕ್ಷ ತೊಗೊತಾಳ."

"ಸೌದಿ ಬಿಡು ಮಜೀದ್ ಭಾಯ್. ಇಲ್ಲಿ ಎಷ್ಟು?"

"ಇಲ್ಲಿದು ಇಲ್ಲಿಯವ್ರಿಗೇ ಕೇಳ್ಬೇಕು. ಚಿತ್ತಾಪುರದಾಗ ಒಂದು ದವಾಖಾನಿ ಅದ. ಹಸೀನಾಬೇಗಂ ಅಂತ, ಅಲ್ಲಿ ಆಯಾ ಇದ್ದಾಳ, ನಮಗ ಪರಿಚಯ. ನಡಿ, ನಾನೂ ಬರ್ತೀನಿ. ಇಂಥಾ ಕೆಲಸಕ್ಕ ಒಬ್ಬವ್ರು ಹೋಗಬಾರ್ದು."

ದೊಡ್ಡ ಆಸ್ಪತ್ರೆಗೆ ಹೋಗುವುದೆಂದು ಅನಸುಬಾಯಿ ಗಂಡನಿಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಧೋತರ ಕೊಟ್ಟಳು. ಮಜೀದ ಈದ್‌ಗೆ ಹೊಲಿದುಕೊಂಡ ಕುರ್ತಾ ಹಾಕಿ, ಅತ್ತರು ಹಚ್ಚಿಕೊಂಡ. ಬರಿಗೈಯಲ್ಲಿ ಹೋಗುವುದು ಹೇಗೆಂದು ಬಸ್ ನಿಲ್ದಾಣದಲ್ಲಿ ಅರ್ಧ ಕಿಲೊ ಪೇಡೆಯನ್ನೂ ಕಟ್ಟಿಸಿದ. ಹತ್ತು ಗಂಟೆ ಐದಕ್ಕೆ ಬರಬೇಕಾದ ಬಸ್ಸು ಹತ್ತು ನಲವತ್ತಕ್ಕೆ ಬಂತು. ಅಷ್ಟೂ ಹೊತ್ತು ಲಾಲಪ್ಪ ಕೂತು ಎದ್ದು, ಎದ್ದು ಕೂತು, ಬಿಸಿ ಹಂಚಿನ ಮೇಲೆ ಬಿದ್ದ ಜೋಳದ ಕಾಳಿನಂತಾಗಿದ್ದ.

ಆಸ್ಪತ್ರೆಯಲ್ಲಿ ಹಸೀನಾಬೇಗಂ ಇಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡಿದಳು. ಬಿಳಿ ಬಟ್ಟೆ ನೋಡಿದಳು, ಪೇಡೆ ನೋಡಿದಳು.

"ಇಲ್ಲಿ ನರ್ಸ್ ಹುಡುಗಿಗೆ ಪಗಾರ ಎಷ್ಟದ, ಡ್ಯೂಟಿ ಹ್ಯಾಂಗದ, ಒಂದೀಟು ಕೇಳ್ಬೇಕಾಗಿತ್ತು," ಎಂದ ಲಾಲಪ್ಪ ತಗ್ಗಿದ ದನಿಯಲ್ಲಿ.

ಹಸೀನಾಬೇಗಂ ಮತ್ತೇನನ್ನೂ ಕೇಳಲಿಲ್ಲ. ಡಾಕ್ಟರರ ಕೋಣೆಯಿಂದಲೇ ಎರಡು ಕುರ್ಚಿ ತಂದು ಹಾಕಿದಳು. "ಕುಂದ್ರಿ ಅಣ್ಣಾ. ಬಿಸಲಾಗ ಬಂದೀರಿ," ಎಂದು ಫ್ಯಾನು ಹಚ್ಚಿದಳು. ಮೂಲೆಗೆ ಹೋಗಿ ಯಾರಿಗೋ ಫೋನ್ ಮಾಡಿದಳು. ಹತ್ತು ನಿಮಿಷದಲ್ಲಿ ಉಪ್ಪಿಟ್ಟು ಬಂತು, ಚಹಾ ಬಂತು. ಚಹಾ ತಂದವಳು ಬಿಳಿ ಕೋಟಿನ ತರುಣಿ, ಅಲ್ಲಿಯ ನರ್ಸ್ ರಾಧಿಕಾ.

"ಚಿತ್ತಾಪುರದ ಮಂದಿ ಭಾಳ ಛಲೋ," ಎಂದು ಲಾಲಪ್ಪ ಮಜೀದನ ಕಿವಿಯಲ್ಲಿ ಹೇಳಿದ.

ನಂತರ ರಾಧಿಕಾಳತ್ತ ತಿರುಗಿದ. "ರಾತ್ರಿ ಡ್ಯೂಟಿ ಇರ್ತದೇನವ್ವ?"

"ಇರ್ತ..." ಎನ್ನುವಷ್ಟರಲ್ಲಿ ಹಸೀನಾಬೇಗಂ ಅವಳ ಕಾಲು ತುಳಿದಳು. "ರಾತ್ರಿ ಇಲ್ರಿ. ಆರಕ್ಕೆ ಮನಿ. ಬಂದು ರೊಟ್ಟಿ ಸುದ್ದ ಬಡಿತಾಳ."

ಹನ್ನೆರಡು ತಾಸು ನಿಂತರೆ ಹೆಣ್ಣುಮಕ್ಕಳ ಮೊಣಕಾಲು ಏನಾಗುತ್ತದೆಂಬುದು ಲಾಲಪ್ಪನ ದೊಡ್ಡ ಚಿಂತೆಯಾಗಿತ್ತು. "ತಪ್ಪು ತಿಳಿಬ್ಯಾಡವ್ವ. ಸ್ವಲ್ಪ ಅಲ್ಲಿತನಕ ನಡದು ತೋರಸು," ಎಂದ.

ರಾಧಿಕಾ ಕೆಂಪಾಗಿ ಔಷಧದ ಕಪಾಟಿನವರೆಗೆ ನಡೆದು, ಅಲ್ಲಿಂದ ಹಾಗೇ ಒಳಗೆ ಹೊರಟುಹೋದಳು.

ಆಗ ಅವಳ ತಂದೆ ಶಾಂತಕುಮಾರ ಓಡುತ್ತ ಬಂದ. ಒಂದು ಗಲ್ಲ ಬೋಳಿಸಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ ಒಣಗುತ್ತಿತ್ತು. ಹಸೀನಾಬೇಗಂ ಫೋನು ಮಾಡಿದಾಗ ಅವನು ಕ್ಷೌರದ ಕುರ್ಚಿಯಲ್ಲಿದ್ದ.

"ನಮಸ್ಕಾರ್ರಿ. ಮನಿತನ ಯಾವ್ದಂದ್ರಿ? ಹೊಲ ಎಷ್ಟದ? ಮಕ್ಕಳೆಷ್ಟು?"

ಪಗಾರ ಕೇಳಲು ಬಂದವನ ಹೊಲ ಇವನಿಗೇಕೆ ಎಂದು ಲಾಲಪ್ಪನಿಗೆ ಅನ್ನಿಸಿತು. ಆದರೂ ಉಪ್ಪಿಟ್ಟು ತಿಂದಾಗಿತ್ತು. "ಎರಡೆಕರೆ ಅದ್ರಿ. ಒಬ್ಬ ಮಗ, ಒಬ್ಬ ಮಗಳು. ಮಗ ಅಜಯಕುಮಾರ ಸಿಮೆಂಟ್ ಕಂಪನಿಯಾಗ ಹಾನ."

"ಕಂಪನಿಯಾಗ," ಎಂದು ಶಾಂತಕುಮಾರ ಹಸೀನಾಬೇಗಂಳ ಮುಖ ನೋಡಿದ. ಅವಳು ತಲೆ ಅಲ್ಲಾಡಿಸಿದಳು.

"ನಿಮ್ಮ ಮಗಳ ಪಗಾರ..."

"ಮೂವತ್ತೆರಡು," ಎಂದಳು ಹಸೀನಾಬೇಗಂ.

"ಹಳೇದು ಹೇಳಾಕತ್ತಾಳ್ರಿ," ಎಂದು ಶಾಂತಕುಮಾರ ತಿದ್ದಿದ. "ಈಗ ಕೈಗೆ ಮೂವತ್ತೆಂಟು. ಪಿ.ಎಫ್. ಬ್ಯಾರೆ."

ಲಾಲಪ್ಪ ಹಾಗೇ ನಂಬುವವನಲ್ಲ. ತೊಗರಿ ಚೀಲಕ್ಕೆ ಗೋಣಿಯ ತೂಕ ಕಳೆಯುವಂತೆ ಮೂರು ಸಾವಿರ ಕಳೆದ. ಮೂವತ್ತೈದು ಸಾವಿರದಿಂದ ಏಳು ಲಕ್ಷ ಇಪ್ಪತ್ತು ಸಾವಿರವನ್ನು ಭಾಗಿಸಿದ. ಇಪ್ಪತ್ತೊಂದು ತಿಂಗಳು. ಎರಡು ವರ್ಷವೂ ಬೇಡ. ಪೇಡೆಯ ಪೊಟ್ಟಣವನ್ನು ಶಾಂತಕುಮಾರನ ಕೈಗಿಟ್ಟು, ಅವನು ಫೋನ್ ನಂಬರು, ವಿಳಾಸ ಕೇಳಿದ್ದಕ್ಕೆ ಅವನ್ನೂ ಬರೆದುಕೊಟ್ಟು ಬಸ್ಸಿಗೆ ಓಡಿದ.

ವಾಡಿ ಮುಟ್ಟಿದಾಗ ಮೂರು ಗಂಟೆ ಐದು ನಿಮಿಷ. ಲುಂಬಿನಿ ಆಗಲೇ ನೆಟ್ ಅಂಗಡಿಯಲ್ಲಿ ಅರ್ಜಿ ತುಂಬಿ ಕಾಯುತ್ತಿದ್ದಳು. ಮೂರೂವರೆಗೆ ಸರ್ವರ್ ನಿಂತಿತು. ಮೂರು ನಲವತ್ತಕ್ಕೆ ಬಂತು. ಮೂರು ನಲವತ್ತೈದಕ್ಕೆ ಮೊಬೈಲಿಗೆ ಓ.ಟಿ.ಪಿ. ಬಂತು, ಮಜೀದ ಅದನ್ನು ಅಂಗಡಿಯ ತುಂಬ ಕೇಳುವಂತೆ ಓದುವಾಗ ಕೊನೆಯ ಎರಡು ಅಂಕಿ ಹಿಂದುಮುಂದಾದವು. ಎರಡನೆಯ ಓ.ಟಿ.ಪಿ.ಯನ್ನು ಲುಂಬಿನಿ ಮೊಬೈಲ್ ಕಸಿದುಕೊಂಡು ತಾನೇ ಒತ್ತಿದಳು. ಮೂರು ಐವತ್ತಮೂರಕ್ಕೆ ಹಣ ಜಮೆಯಾಯಿತು. ಲುಂಬಿನಿ ರಸೀದಿಯನ್ನು ಎರಡೂ ಕೈಯಲ್ಲಿ ಹಿಡಿದು ಅಂಗಡಿಯ ಮೆಟ್ಟಿಲ ಮೇಲೆಯೇ ಕೂತುಬಿಟ್ಟಳು.

ಸಂಜೆ ಆರೂವರೆಗೆ ಮನೆಯ ಮುಂದೆ ಆಟೊ ನಿಂತಿತು. ಶಾಂತಕುಮಾರ ಇಳಿದ. ಈಗ ಎರಡೂ ಗಲ್ಲ ನುಣ್ಣಗಿದ್ದವು. ಹಿಂದೆ ಅವನ ಹೆಂಡತಿ, ಅವಳ ಹಿಂದೆ ಬಾಳೆಹಣ್ಣಿನ ಗೊನೆ ಹೊತ್ತ ಹಸೀನಾಬೇಗಂ. ಆಟೊದ ಸದ್ದಿಗೆ ಮಜೀದನೂ ಬಂದ.

"ಹುಡುಗನ್ನ ಕರೀರಿ," ಎಂದ ಶಾಂತಕುಮಾರ, ಕೂತ ತಕ್ಷಣ.

"ಯಾವ ಹುಡುಗ?"

"ನಿಮ್ಮ ಅಜಯಕುಮಾರರಿ. ನೀವು ನಮ್ಮ ಹುಡುಗಿಗೆ ನೋಡಿದ್ರಿ, ನಡಸಿ ನೋಡಿದ್ರಿ. ಇನ್ನ ನಾವು ಹುಡುಗಗ ನೋಡೋದು ಬ್ಯಾಡೇನು?"

ಅನಸುಬಾಯಿ ಗಂಡನನ್ನು ನೋಡಿದಳು. ಲಾಲಪ್ಪ ಮಜೀದನನ್ನು ನೋಡಿದ. ಮಜೀದ ಅಡುಗೆಮನೆಯ ತಗಡನ್ನು ನೋಡಿದ. ಅದೇ ಹೊತ್ತಿಗೆ ಅಜಯಕುಮಾರ ಡ್ಯೂಟಿ ಮುಗಿಸಿ ಬಂದ, ಹುಬ್ಬಿನವರೆಗೂ ಸಿಮೆಂಟು ಮೆತ್ತಿಕೊಂಡು, ಬಣ್ಣ ಹಚ್ಚದೆ ಬಿಟ್ಟ ಗೊಂಬೆಯಂತೆ.

"ಪಗಾರ ಎಷ್ಟಪ್ಪ?" ಎಂದ ಶಾಂತಕುಮಾರ.

"ಹದಿನೈದ್ರಿ. ಕಾಂಟ್ರ್ಯಾಕ್ಟ್. ಚೀಲ ತುಂಬೋ ಕಡಿ."

"ಕಂಪನಿಯಾಗ ಹಾನ ಅಂದ್ರಿ," ಎಂದು ಶಾಂತಕುಮಾರ ಲಾಲಪ್ಪನತ್ತ ತಿರುಗಿದ.

"ಕಂಪನಿಯಾಗೇ ಹಾನಲ್ರಿ. ನಾ ಸಂಬಂಧ ಕೇಳಾಕ ಬಂದಿದ್ದಿಲ್ಲ. ನನ್ನ ಮಗಳಿಗೆ ನರ್ಸಿಂಗ್ ಓದಸ್ಬೇಕಂತ ಪಗಾರ ಕೇಳಾಕ ಬಂದಿದ್ದೆ."

ಶಾಂತಕುಮಾರ ಬಾಯಿಗೆ ಹಾಕಿಕೊಂಡ ಬಾಳೆಹಣ್ಣನ್ನು ಅಗಿಯುವುದನ್ನು ನಿಲ್ಲಿಸಿದ. ಲಾಲಪ್ಪ ಜೇಬಿನಿಂದ ಲೆಕ್ಕದ ಚೀಟಿ ತೆಗೆದ. "ಮೂವತ್ತೆಂಟು ಖರೇ ಅದಲ್ರಿ?"

ಹಸೀನಾಬೇಗಂ ಸೆರಗು ಸರಿಮಾಡಿಕೊಂಡಳು. "ಸಂಬಂಧದ ಮಾತಿನ್ಯಾಗ ಖರೇ ಪಗಾರ ಯಾರ್ ಹೇಳ್ತಾರ ಅಣ್ಣಾ? ಹದಿನಾಕು ಅದ."

ಲಾಲಪ್ಪ ಅಲ್ಲೇ ಭಾಗಿಸಿದ. ಐವತ್ತೆರಡು ತಿಂಗಳು. ಓದುವುದಕ್ಕಿಂತ ತೀರಿಸುವುದಕ್ಕೆ ನಾಲ್ಕು ತಿಂಗಳು ಹೆಚ್ಚು, ಅದೂ ಹುಡುಗಿ ಏನನ್ನೂ ಉಣ್ಣದೆ ಉಡದೆ ಇದ್ದರೆ. ಹೊರಗೆ ಹೋಗಿ ಕಾಲೇಜಿಗೆ ಫೋನ್ ಹಚ್ಚಿದ. ಸೀಟು ಖಾಯಂ ಆಗಿದೆ, ಕಟ್ಟಿದ ಹಣ ಮರಳಿ ಕೊಡುವುದಿಲ್ಲ ಎಂದಿತು ಆ ಕಡೆಯ ದನಿ.

ಲುಂಬಿನಿ ಹಿಂದೆಯೇ ಬಂದು ನಿಂತಿದ್ದಳು. "ಹದಿನಾಕು ಶುರುವಿಗೆ ಅಪ್ಪಾ," ಎಂದಳು. "ನಾ ಅಲ್ಲೇ ಕುಂದ್ರಂಗಿಲ್ಲ."

ಲಾಲಪ್ಪ ಒಳಗೆ ಬಂದಾಗ ಅತಿಥಿಗಳು ಎದ್ದು ನಿಂತಿದ್ದರು. ಶಾಂತಕುಮಾರ ಚಪ್ಪಲಿ ಮೆಟ್ಟಿ, ಮತ್ತೆ ಬಿಚ್ಚಿ, ಒಂದು ಹೆಜ್ಜೆ ಒಳಗಿಟ್ಟ.

"ಈಕಿ ನಿಮ್ಮ ಮಗಳೇನ್ರಿ? ನಮ್ಮ ಸಣ್ಣ ಮಗ ಡಿಪ್ಲೊಮಾ ಮಾಡಾಕತ್ಯಾನ. ಇವತ್ತೇ ಏನಿಲ್ಲ, ಸುಮ್ನ ಕೇಳ್ತೀನಿ. ಓದು ಮುಗದ್ರ ಈಕಿಗೆ ಪಗಾರ ಎಷ್ಟು ಬರ್ತದ?"

ಇಪ್ಪತ್ತೆಂಟು ವರ್ಷ ಕಾಟಾದ ಮೇಲೆ ಒಂದು ಕಿಲೊವನ್ನೂ ಹೆಚ್ಚು ಬರೆಯದ ಲಾಲಪ್ಪ ಮಗಳ ಮುಖ ನೋಡಿದ.

"ನಲವತ್ತೈದು," ಎಂದ. "ರಾತ್ರಿ ಡ್ಯೂಟಿ ಇಲ್ರಿ."

ಸೋಮವಾರ ಲುಂಬಿನಿ ಕಾಲೇಜಿಗೆ ಸೇರಿದಳು. ಆ ವಾರ ಶಾಂತಕುಮಾರ ಲಾಲಪ್ಪನಿಗೆ ಎರಡು ಸಲ ಫೋನ್ ಮಾಡಿ ಸಣ್ಣ ಮಗನ ಮಾತೆತ್ತಿದ. ಉಳಿದ ಮೂರು ವರ್ಷದ ಶುಲ್ಕ ಯಾರು ಕಟ್ಟುತ್ತಾರೆಂದು ಮಾತ್ರ ಎರಡೂ ಸಲ ಕೇಳಲಿಲ್ಲ.