ಬಿಯರಿಗೆ ಹೊದಿಸಿದ ಶಾಲು

ದೇವರ ಮುಂದೆ ಕೂತು ಏನೇನು ಕೇಳಬಹುದು, ಏನೇನು ಕೇಳಬಾರದು ಎಂದು ಯಾರಾದರೂ ಒಂದು ನಿಯಮ ಮಾಡಿಟ್ಟಿದ್ದರೆ ನನ್ನಂಥವಳಿಗೆ ಅನುಕೂಲವಾಗುತ್ತಿತ್ತು. ಆರೋಗ್ಯ ಕೇಳಬಹುದು, ಮಗಳಿಗೆ ಒಳ್ಳೆಯ ಬುದ್ಧಿ ಕೇಳಬಹುದು, ಫ್ರೀವೇಯಲ್ಲಿ ಟ್ರಾಫಿಕ್ಕು ಕಡಿಮೆಯಿರಲಿ ಎಂದೂ ಕೇಳಬಹುದು. ನಾನು ಕೇಳಿದ್ದೇನೆ, ಒಮ್ಮೊಮ್ಮೆ ಸಿಕ್ಕಿಯೂ ಇದೆ. ಆದರೆ ‘ಸ್ವಾಮಿ, ಗರಾಜಿನಲ್ಲಿರುವ ಬಿಯರಿಗೆ ಹುದುಗು ಬರಲಿ’ ಎಂದು ಕೇಳಬಹುದೇ? ಏಕಾದಶಿ ತಪ್ಪಿಸದ, ಈರುಳ್ಳಿ ಹೆಚ್ಚಿದ ಚಾಕುವನ್ನು ನೈವೇದ್ಯದ ಹಣ್ಣಿಗೆ ಸೋಕಿಸದ ನಾನು ಈಚೆಗೆ ಅದನ್ನೇ ಕೇಳಿಕೊಂಡೆ. ಆ ಸ್ಥಿತಿಗೆ ಹೇಗೆ ಬಂದೆ ಎಂದು ಹೇಳಿಬಿಟ್ಟರೆ ಮನಸ್ಸಿಗೆ ಹಗುರ.

ನಮ್ಮ ಯಜಮಾನರ ಕೆಲಸ ಬೇಸಿಗೆಯಲ್ಲಿ ಹೋಯಿತು. ನಾವಿರುವ ಕ್ಯುಪರ್ಟಿನೋದಲ್ಲಿ, ಅಮೆರಿಕದ ಈ ಕಂಪ್ಯೂಟರ್ ಕಂಪನಿಗಳ ಊರಿನಲ್ಲಿ, ಇದು ನೆಗಡಿ ಬಂದಷ್ಟೇ ಸಾಮಾನ್ಯ. ಆದರೆ ನೆಗಡಿ ಬಂದವರು ಸೀನುತ್ತಲಾದರೂ ಇರುತ್ತಾರೆ, ಇವರದು ಸದ್ದೇ ಇಲ್ಲ. ಮಗಳ ಶಾಲೆ ನಡೆದುಹೋಗುವಷ್ಟು ಹತ್ತಿರ, ಮನೆಯ ಓನರು ಒಳ್ಳೆಯ ಮನುಷ್ಯ, ಎಲ್ಲರ ಮೈ ನೆಟ್ಟಗಿದೆ. ಹೀಗೆ ದೇವರು ಕೊಟ್ಟಿದ್ದನ್ನೆಲ್ಲ ನಾನು ಎಣಿಸಿ ಹೇಳಿದರೆ ‘ಹೂಂ’ ಎನ್ನುವರು. ಊಟಕ್ಕೆ ಕೂತರೂ ‘ಹೂಂ’, ಸಾರಿಗೆ ಉಪ್ಪು ಮರೆತರೂ ‘ಹೂಂ’. ಉಪ್ಪಿನ ವಿಷಯಕ್ಕೆ ಜಗಳವಾಡದ ಗಂಡನನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು. ಅಷ್ಟರಲ್ಲಿ ಬೇರೆ ಊರಿಗೆ ಹೊರಟಿದ್ದ ಇವರ ಹಳೆಯ ಸಹೋದ್ಯೋಗಿಯೊಬ್ಬರು ಮನೆಯಲ್ಲೇ ಬಿಯರು ಮಾಡುವ ಸಾಮಾನನ್ನೆಲ್ಲ ತಂದು ನಮ್ಮ ಗರಾಜಿನಲ್ಲಿ ಇಳಿಸಿಹೋದರು. ಮಾರನೆಯ ದಿನ ಗರಾಜಿನಿಂದ ಹಾಡು ಗುನುಗುವ ಸದ್ದು ಕೇಳಿಸಿತು. ನಾನು ಬಿಯರಿನ ವಿರೋಧಿಯೇ ಸರಿ, ಆದರೆ ಹಾಡು ಗುನುಗುವ ಗಂಡನ ವಿರೋಧಿಯಲ್ಲ. “ನನ್ನ ಅಡಿಗೆಮನೆಯ ಒಂದು ಸೌಟೂ ಆ ಕಡೆ ಹೋಗಕೂಡದು” ಎಂಬ ಒಂದೇ ಷರತ್ತಿನ ಮೇಲೆ ಒಪ್ಪಿಬಿಟ್ಟೆ.

ನನಗೆ ತಿಳಿದಷ್ಟು ಹೇಳುತ್ತೇನೆ. ಬಾರ್ಲಿಯ ಮಾಲ್ಟನ್ನು ಹಾಪ್ಸು ಎಂಬ ಕಹಿ ಹೂವಿನ ಜೊತೆ ಕಷಾಯದಂತೆ ಕುದಿಸಿ, ಆರಿಸಿ, ದೊಡ್ಡ ಬಕೆಟ್ಟಿಗೆ ಸುರಿದು, ಮೇಲೆ ಒಣ ಯೀಸ್ಟಿನ ಪುಡಿ ಉದುರಿಸಬೇಕು. ಬಕೆಟ್ಟಿನ ಮುಚ್ಚಳದಲ್ಲಿ ನೀರು ತುಂಬಿದ ಪುಟ್ಟ ನಳಿಗೆಯಿದೆ. ಯೀಸ್ಟು ಕೆಲಸ ಶುರುಮಾಡಿದರೆ ಅದು ಬುಳುಕ್ ಬುಳುಕ್ ಎನ್ನಬೇಕು. ನಮ್ಮದು ಎನ್ನಲಿಲ್ಲ. ತರಿಸಿದ್ದ ಯೀಸ್ಟಿನ ಪ್ಯಾಕೆಟ್ಟುಗಳು, ನಾವು ಊರಲ್ಲಿಲ್ಲದಾಗ ಬಂದು, ಬಿಸಿಲಿಗೆ ಕಾದ ತಗಡಿನ ಮೇಲ್‌ಬಾಕ್ಸಿನಲ್ಲಿ ಬಿದ್ದಿದ್ದವು. ಕಾದು ಕಾದು ಸಾಕಾಗಿ, ಕೆಟ್ಟುಹೋದ ಕಷಾಯವನ್ನು ಇವರು ಮೋರಿಗೆ ಚೆಲ್ಲಿದರು. ಗುನುಗು ನಿಂತಿತು.

ನನಗೋ ಬೇರೆಯದೇ ಕುತೂಹಲ ಹತ್ತಿತು.

“ರೀ, ಈ ಪುಡೀಲಿ ಜೀವ ಇದೆಯಾ?”

“ಇದೆ ಕಣೇ. ನಿದ್ದೆ ಮಾಡ್ತಿರತ್ತೆ.”

“ನಿದ್ದೆ ಮಾಡ್ತಿದೆಯೋ, ಹೋಗೇಬಿಟ್ಟಿದೆಯೋ, ಹೇಗೆ ಗೊತ್ತಾಗತ್ತೆ?”

“ಎಬ್ಬಿಸಿದ್ರೇ ಗೊತ್ತಾಗೋದು” ಎಂದರು. ಬಹಳ ದಿನಗಳ ಮೇಲೆ ಇವರು ‘ಹೂಂ’ ಬಿಟ್ಟು ಆಡಿದ ಮಾತುಗಳು ಅವು.

ಅದೇ ಯೋಚನೆಯಲ್ಲಿ ಒಗ್ಗರಣೆ ಸೀದುಹೋಯಿತು. ಉಸಿರಿಲ್ಲ, ಊಟವಿಲ್ಲ, ತೇವವಿಲ್ಲ, ಆದರೂ ಜೀವವಿದೆ! ಎಂಥ ತಪಸ್ಸು! ಗಡ್ಡ ಬೆಳೆಸಿ ಕೂತ ಋಷಿಗಳನ್ನು ಚಿತ್ರದಲ್ಲಿ ನೋಡಿದ್ದೇನೆ, ಆದರೆ ಚಿಟಿಕೆ ಪುಡಿಯಲ್ಲಿ ಇಷ್ಟೊಂದು ಜೀವಗಳು ಕಣ್ಮುಚ್ಚಿ ಕೂತಿರುವುದನ್ನು ಯಾರೂ ನನಗೆ ಹೇಳಿರಲಿಲ್ಲ. ಅಂದಿನಿಂದ ಆ ಪ್ಯಾಕೆಟ್ಟನ್ನು ಬಿಯರಿನದೆಂದು ದೂರವಿಡಲು ಮನಸ್ಸು ಬರಲಿಲ್ಲ.

ಎರಡನೆಯ ಸಲ ಯೀಸ್ಟನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಎಬ್ಬಿಸಿ ನೋಡುವುದೆಂದು ತೀರ್ಮಾನವಾಯಿತು. ಇವರು ಥರ್ಮಾಮೀಟರು ಹುಡುಕಹೊರಟರು. “ಅದ್ಯಾಕ್ರೀ? ಹಾಲಿಗೆ ಹೆಪ್ಪು ಹಾಕೋಳು ನಾನು, ನನ್ನ ಬೆರಳಿಲ್ವಾ?” ಎಂದು ಅದ್ದಿ ನೋಡಿ, “ಸರಿಯಾಗಿದೆ, ಹಾಕಿ” ಎಂದೆ. ಅದೂ ಏಳಲಿಲ್ಲ. ಆದರೂ ಇವರು ಆಸೆಯಿಂದ ಬಕೆಟ್ಟಿಗೆ ಸುರಿದರು. ಅದೂ ಮೋರಿಯ ಪಾಲಾಯಿತು. ಇವರು ಯಾರನ್ನೂ ಬೈಯಲಿಲ್ಲ. “ಇನ್ನೊಂದೇ ಪ್ಯಾಕೆಟ್ ಉಳಿದಿದೆ. ಅದೂ ಹೋದ್ರೆ ಎಲ್ಲಾನೂ ಮನೆ ಮುಂದಿನ ಡ್ರೈವ್‌ವೇಲಿಟ್ಟು ‘ಫ್ರೀ’ ಅಂತ ಬರೆದುಬಿಡ್ತೀನಿ” ಎಂದರು. ಬಕೆಟ್ಟಿನ ಜೊತೆ ಆ ಗುನುಗನ್ನೂ ಯಾರೋ ಕಾರಿನ ಡಿಕ್ಕಿಗೆ ಹಾಕಿಕೊಂಡು ಹೋದಂತೆ ನನ್ನ ಕಣ್ಣಿಗೆ ಕಟ್ಟಿತು.

ಮೂರನೆಯ ಸಲಕ್ಕೆ ಚಳಿ ಶುರುವಾಗಿತ್ತು. ನಾನೇ ಷರತ್ತು ಮುರಿದು, ಹೆಪ್ಪು ಹಾಕುವ ಸ್ಟೀಲಿನ ಬಟ್ಟಲು ಕೊಟ್ಟೆ. ನೀರಿಗೆ ಬೆರಳದ್ದಿ, “ಹದವಾಗಿದೆ” ಎಂದೆ. ಪಕ್ಕದಲ್ಲಿದ್ದ ಮಗಳು ಅನು ತಾನೂ ಬೆರಳದ್ದಿದವಳು ಚೀರಿಬಿಟ್ಟಳು: “ಔಚ್! ಅಮ್ಮಾ, ದಿಸ್ ಈಸ್ ಬಾಯ್ಲಿಂಗ್!”

ಇವರು ನನ್ನ ಮುಖ ನೋಡಿದರು. ನಾನು ನನ್ನ ಬೆರಳು ನೋಡಿಕೊಂಡೆ. ಇಕ್ಕಳವಿಲ್ಲದೆ ಪಾತ್ರೆ ಇಳಿಸಿ, ಕಾವಲಿಯ ಮೇಲಿನ ದೋಸೆಯನ್ನು ಕೈಯಲ್ಲೇ ಮಗುಚಿ ಪಳಗಿದ ಬೆರಳುಗಳಿವು. ಇವಕ್ಕೆ ಉಗುರುಬೆಚ್ಚಗೆನಿಸಿದ್ದು ಲೋಕಕ್ಕೆ ಕುದಿನೀರು. ಹಿಂದಿನ ಸಲ ಆ ತಪಸ್ವಿಗಳನ್ನು ಎಬ್ಬಿಸುವ ಬದಲು ಬೇಯಿಸಿಬಿಟ್ಟಿದ್ದೆ!

“ನಿನ್ನ ಹೆಪ್ಪಿನ ಮೊಸರು ಯಾಕೆ ದಾರ ದಾರ ಬರತ್ತೆ ಅಂತ ಈಗ ಗೊತ್ತಾಯ್ತು ಬಿಡು” ಎಂದರು. ಉಪ್ಪಿಗೂ ಜಗಳವಾಡದವರು ಮೊಸರಿಗೆ ಕೊಂಕು ತೆಗೆದರು! ನನಗೆ ಅವಮಾನವಾಗುವ ಬದಲು ಹಿತವಾಯಿತು.

ನೀರನ್ನು ಅನುವಿನ ಬೆರಳು ಒಪ್ಪುವವರೆಗೆ ಆರಿಸಿ, ಪುಡಿ ಉದುರಿಸಿ, ಮೂವರೂ ಬಟ್ಟಲಿನ ಮೇಲೆ ಬಗ್ಗಿದೆವು. ಕೊನೆಗೆ ಒಂದು ಮೂಲೆಯಲ್ಲಿ ತೆಳ್ಳಗೆ ನೊರೆ ಕಂಡಿತು. “ಜೀವ ಇದೆ, ಆದ್ರೆ ಸುಸ್ತಾಗಿದೆ. ಬೆಚ್ಚಗಿರಬೇಕು” ಎಂದು ಇವರು ಅದನ್ನು ಬಕೆಟ್ಟಿಗೆ ಸುರಿದು ಗರಾಜಿನ ಸುತ್ತ ಕಣ್ಣಾಡಿಸಿದರು. ಅಲ್ಲಿ ಬೆಚ್ಚಗಿರುವುದು ಒಂದೇ ಜಾಗ, ವಾಟರ್ ಹೀಟರಿನ ಪಕ್ಕ. ಅಲ್ಲಿ ಭಾನುವಾರದ ಇಡ್ಲಿಹಿಟ್ಟು ನನ್ನಮ್ಮನ ಉಣ್ಣೆಯ ಶಾಲು ಹೊದ್ದು ಕೂತಿತ್ತು. ಇವರು ಅದನ್ನು ನೋಡಿ, ಬಕೆಟ್ಟನ್ನು ಇನ್ನೊಂದು ಮೂಲೆಗೆ ಎಳೆಯಹೊರಟರು.

ನಾನೇ ಹಿಟ್ಟಿನ ಪಾತ್ರೆ ಎತ್ತಿ ಅಡಿಗೆಮನೆಯ ಕಟ್ಟೆಯ ಮೇಲಿಟ್ಟೆ. ಬಕೆಟ್ಟನ್ನು ಆ ಜಾಗಕ್ಕೆ ಎಳೆದು, ಶಾಲು ಬಿಗಿಯಾಗಿ ಸುತ್ತಿದೆ. ಆಮೇಲೆ ದೀಪ ಹಚ್ಚಿ ಆ ಪ್ರಾರ್ಥನೆ ಮಾಡಿದೆ. ಸ್ವಲ್ಪ ಗಟ್ಟಿಯಾಗಿಯೇ ಮಾಡಿದೆನೆಂದು ಕಾಣುತ್ತದೆ.

“ಅಮ್ಮಾ, ಆರ್ ಯು ಪ್ರೇಯಿಂಗ್ ಫಾರ್ ಬಿಯರ್?”

“ಅಲ್ಲ ಕಣೇ, ಯೀಸ್ಟಿಗೆ” ಎಂದೆ. ದೇವರಿಗೂ ಅದೇ ಸಮಜಾಯಿಷಿ ಕೊಟ್ಟೆ.

ಬೆಳಿಗ್ಗೆ ಗರಾಜಿನಿಂದ ಕೂಗು ಬಂತು: “ಲೇ, ಬಾರೇ ಇಲ್ಲಿ! ಬೇಗ ಬಾ!” ಹೋಗಿ ನೋಡಿದರೆ ಶಾಲಿನ ಒಳಗಿಂದ ಬುಳುಕ್, ಬುಳುಕ್. ಆ ಸದ್ದಿಗೆ ನಾನು ಕೈ ಮುಗಿದದ್ದನ್ನು ಇವರು ಗಮನಿಸಲಿಲ್ಲ; ಆಗಲೇ ಗುನುಗಲು ಶುರುಮಾಡಿದ್ದರು.

ಅಡಿಗೆಮನೆಗೆ ಬಂದು ನೋಡಿದರೆ ಇಡ್ಲಿಹಿಟ್ಟು ರುಬ್ಬಿದ ಗಳಿಗೆಯಲ್ಲಿ ಎಷ್ಟಿತ್ತೋ ಅಷ್ಟೇ ತಣ್ಣಗೆ ಕೂತಿತ್ತು. ವಿಧಿಯಿಲ್ಲದೆ ಅದನ್ನೇ ಬೇಯಿಸಿದೆ. ಇಡ್ಲಿಯನ್ನು ತಟ್ಟೆಗೆ ಹಾಕಿದಾಗ ಠಣ್ ಎಂದಿತು. ಇವರು ಹಾಪ್ಸು, ಮಾಲ್ಟು, ಮುಂದಿನ ಸಲ ಏನು ಮಾಡಬೇಕು ಎಂದು ಒಂದೇ ಸಮನೆ ಮಾತಾಡುತ್ತ ಎಲ್ಲವನ್ನೂ ತಿಂದು ಮುಗಿಸಿದರು. ಕೊನೆಯ ತುತ್ತಿಗೆ ತಡೆದು, “ಏನೇ ಇದು, ಇಡ್ಲೀನೋ ಇಟ್ಟಿಗೇನೋ?” ಎಂದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನ ಇಡ್ಲಿಯ ಬಗ್ಗೆ ಬಂದ ಇಷ್ಟು ಸಿಹಿಯಾದ ಮಾತು ನೆನಪಿಲ್ಲ.

ಒಂದೇ ಒಂದು ಅಳುಕು ಉಳಿದಿದೆ. ಎಷ್ಟೆಷ್ಟೋ ಬೇಡಿದ್ದೇನೆ, ಯಾವುದೂ ಇಷ್ಟು ಬೇಗ ಕೈಗೂಡಿರಲಿಲ್ಲ. ಬಹುಶಃ ಆ ಸಂಜೆ ದೇವರು ‘ಅಂತೂ ಇವಳು ಮನಸ್ಸು ಬಿಚ್ಚಿ ತನಗೇ ಕುಡಿಯಬೇಕೆನಿಸಿದ್ದನ್ನು ಕೇಳಿದಳು’ ಎಂದುಕೊಂಡುಬಿಟ್ಟಿರಬೇಕು.