ಕಳಚದ ಬೂಟು, ಕಾಯದ ರಾಹುಕಾಲ

“ಅಮ್ಮಾ, ಬಂಡೆ ಹತ್ತೋದು ಕೈಯಿಂದ ಅಂತ ಊರೋರೆಲ್ಲ ತಿಳ್ಕೊಂಡವ್ರೆ. ಸುಳ್ಳು! ಬಂಡೆ ಹತ್ತೋದು ಕಾಲ್ಬೆರಳಿಂದ. ಅದಕ್ಕೇ ಬೂಟು ಎರಡು ನಂಬರ್ ಚಿಕ್ಕದು ತಗೋಬೇಕು. ಬೆರಳೆಲ್ಲ ಮಡಚ್ಕೊಂಡು, ಒಂದರ ಮೇಲೊಂದು ಕೂತ್ಕೊಂಡು, ಜೀವ ಹೋಗೋ ಹಂಗೆ ಹಿಡೀಬೇಕು. ಆಗ ಬಂಡೆ ಮೇಲೆ ಕಡ್ಲೆಕಾಳಷ್ಟು ಉಬ್ಬಿದ್ರೂ ಸಾಕು, ಅಲ್ಲೇ ನಿಂತ್ಕೊಂಡು ಟೀ ಕುಡೀಬಹುದು. ಲೇಸು ಇರೋದು, ಪಟ್ಟಿ ಇರೋದು ಎಲ್ಲಾ ಹೊಸಬರಿಗೆ. ನಂದು ನೋಡು, ಲೇಸೂ ಇಲ್ಲ, ಪಟ್ಟೀನೂ ಇಲ್ಲ. ಒಂದ್ಸಲ ಹೊಕ್ಕರೆ ಕಾಲಿನ ಚರ್ಮಾನೇ! ಹಾಕ್ಕೊಂಡು ಬಿಸಿನೀರಲ್ಲಿ ನಿಲ್ಬೇಕು, ಆಮೇಲೆ ಕಾಲಲ್ಲೇ ಒಣಗಿಸ್ಬೇಕು. ಐದು ಗಂಟೆಗೆ ಶುರು ಮಾಡಿದೀನಿ, ಒಂಬತ್ತಕ್ಕೆಲ್ಲ ಬೂಟು ನನ್ನ ಮಾತು ಕೇಳ್ತದೆ. ಭಾನುವಾರ ಹುಲಿಯೂರುದುರ್ಗದಲ್ಲಿ ಎಲ್ಲರಿಗಿಂತ ಮುಂದೆ ಹಗ್ಗ ಒಯ್ಯೋನು ನಾನೇ. ಬರ್ದಿಟ್ಕೋ!”

ಸುಬ್ಬಲಕ್ಷ್ಮಮ್ಮ ಬರೆದಿಟ್ಟುಕೊಳ್ಳಲಿಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವರು. ಏನಿದ್ದರೂ ಕೇಳಿಟ್ಟುಕೊಳ್ಳುವುದು. ಶುಕ್ರವಾರ ಬೆಳಗಿನ ಜಾವ, ಶೆಟ್ಟಿಹಳ್ಳಿಯ ಮನೆಯ ಬಚ್ಚಲಲ್ಲಿ, ಗಿಳಿಹಸಿರು ಬಣ್ಣದ ಚರ್ಮದ ಬೂಟು ತೊಟ್ಟು ಬಿಸಿನೀರಿನ ಟಬ್ಬಿನೊಳಗೆ ನಿಂತಿದ್ದ ಮಗ ಮೋಹನ್‌ಕುಮಾರನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ವಯಸ್ಸು ಮೂವತ್ತೆಂಟು. ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಅರವತ್ತು ಜನರ ಮೇಲೆ ಸೂಪರ್‌ವೈಸರ್.

“ಇವತ್ತು ನಿನ್ನ ತಂಗಿ ನಿಶ್ಚಿತಾರ್ಥ ಕಣಪ್ಪಾ,” ಎಂದರು.

“ಅದು ಹತ್ತು ಗಂಟೆಗೆ ತಾನೇ?” ಎಂದ ಮಗ.

ಹತ್ತು ಗಂಟೆಗೇ. ತೊಡಕು ಇದ್ದದ್ದು ಹತ್ತೂವರೆಯಲ್ಲಿ. ಶುಕ್ರವಾರ ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ತಾಂಬೂಲ ಬದಲಾಗಬೇಕು, ತಂದೆ ಇಲ್ಲದ ಮನೆಯಲ್ಲಿ ಮಣೆಯ ಮೇಲೆ ಕೂರಬೇಕಾದವನು ಅಣ್ಣ. ಗುಬ್ಬಿ ಕಡೆಯ ತೆಂಗಿನ ತೋಟದ ಚಿಕ್ಕರಂಗಯ್ಯ ಹುಡುಗನ ತಂದೆ. ಹಿಂದೆ ಒಂದು ಕಡೆ ಹೊತ್ತು ಮೀರಿತೆಂದು ತಾಂಬೂಲ ಮುಟ್ಟದೆ, ನೆಂಟರನ್ನೆಲ್ಲ ಟೆಂಪೋ ಹತ್ತಿಸಿಕೊಂಡು ವಾಪಸು ಹೋದ ಧೀರರು! ಹನ್ನೆರಡು ಹುಡುಗರನ್ನು ಬೇಡವೆಂದ ಮಗಳು ಇಂಪನಾ ಈ ಹದಿಮೂರನೆಯವನಿಗೆ ಹೂಂ ಎಂದಿದ್ದಳು. ಹದಿನಾಲ್ಕನೆಯವನನ್ನು ಹುಡುಕುವ ಶಕ್ತಿ ಸುಬ್ಬಲಕ್ಷ್ಮಮ್ಮನವರಿಗೆ ಉಳಿದಿರಲಿಲ್ಲ.

ಒಂಬತ್ತಾಯಿತು. ಬೂಟು ಮಾತು ಕೇಳಲಿಲ್ಲ.

“ಏನ್ರೀ, ಅದನ್ನ ಬಿಚ್ಚಿ ಪಂಚೆ ಉಟ್ಕೊಳ್ಳಿ,” ಎಂದಳು ಹೆಂಡತಿ ಸುಧಾ.

“ಬಿಚ್ತಾ ಇದೀನಿ.”

“ಅರ್ಧ ಗಂಟೆಯಿಂದ ಬಿಚ್ತಾನೇ ಇದೀರಿ.”

“ಇದು ಬೂಟಲ್ಲ ಸುಧಾ, ಎಕ್ವಿಪ್‌ಮೆಂಟು.”

“ಹಂಗಾದ್ರೆ ಎಕ್ವಿಪ್‌ಮೆಂಟ್ ಸಮೇತ ಮಣೆ ಮೇಲೆ ಕೂತ್ಕೊಳ್ಳಿ. ಪುರೋಹಿತರು ಕಲಶದ ಪಕ್ಕ ಅದಕ್ಕೂ ಎರಡು ಹೂವು ಹಾಕ್ತಾರೆ!”

ಒಣಗಿದ ಚರ್ಮ ಬಿಗಿದಿತ್ತು. ಬಿಸಿನೀರಿಗೆ ಕಾಲು ಊದಿತ್ತು. ಎರಡೂ ಸೇರಿ ಒಂದೇ ಆಗಿ ಹೋಗಿದ್ದವು. ಸುಧಾ ಅಡುಗೆಮನೆಯಿಂದ ಕತ್ತರಿ ತಂದಳು. ಮೋಹನ್‌ಕುಮಾರ್ ಎರಡೂ ಕಾಲನ್ನು ಮಂಚದ ಮೇಲಕ್ಕೆಳೆದುಕೊಂಡು, “ಭಾನುವಾರ ಹಾಕೋಬೇಕು ಕಣೇ!” ಎಂದು ಕೂಗಿ, ಬೆಟ್ಟ ಹತ್ತುವ ಬಳಗಕ್ಕೆ ಫೋನು ಹಚ್ಚಿದ.

ಬಳಗ ಹತ್ತೇ ನಿಮಿಷದಲ್ಲಿ ಬಂತು. ಆಸ್ಪತ್ರೆಗೆ ಕರೆದರೂ ಅಷ್ಟು ಬೇಗ ಯಾರೂ ಬರುವುದಿಲ್ಲ. ನಾಲ್ಕು ಜನ, ಎರಡು ಹಗ್ಗ, ಒಂದು ಚೀಲ ಕೊಂಡಿ. ಮುಂದೆ ಝುಬೇರ್, ವಾರವೆಲ್ಲ ಎಲೆಕ್ಟ್ರಿಷಿಯನ್, ಭಾನುವಾರ ಮೋಹನ್‌ಕುಮಾರನ ಹಗ್ಗದ ಇನ್ನೊಂದು ತುದಿ. ಇವತ್ತಿಗೂ ಸ್ಕೂಲು ಮಕ್ಕಳ ಕ್ಯಾನ್‌ವಾಸ್ ಬೂಟಿನಲ್ಲೇ ಬಂಡೆ ಹತ್ತುವವನು.

“ಅಕ್ಕಾ, ಕತ್ತರಿ ಒಳಗಿಡಿ,” ಎಂದ ಸುಧಾಳಿಗೆ. “ಜೊತೆಗಾರನ ಸಾಮಾನಿಗೆ ಬ್ಲೇಡು ತಾಗಿಸೋ ಹಂಗಿಲ್ಲ. ನಮ್ಮಲ್ಲಿ ರೂಲ್ಸು.”

“ಬುದ್ಧಿ ತಾಗಿಸೋ ಹಂಗಿಲ್ಲ ಅಂತಾನೂ ರೂಲ್ಸ್ ಐತಾ ನಿಮ್ಮಲ್ಲಿ?”

ಬಳಗ ಆಗಲೇ ಕೆಲಸಕ್ಕಿಳಿದಿತ್ತು. ಮೋಹನ್‌ಕುಮಾರನಿಗೆ ಸೊಂಟಪಟ್ಟಿ ಬಿಗಿದು, ಅವನನ್ನು ಅಪ್ಪನ ಕಾಲದ ತೇಗದ ಮಂಚಕ್ಕೆ ಕಟ್ಟಿದರು. ಬೂಟಿನ ಹಿಮ್ಮಡಿಯ ಕುಣಿಕೆಗೆ ಕೊಂಡಿ ಸಿಕ್ಕಿಸಿ ಹಗ್ಗ ಹಾಯಿಸಿದರು. ಬಂಡೆಯ ಬುಡದಲ್ಲಿ ಕೂಗುವಂತೆಯೇ ಕೂಗಿದರು.

“ಗಂಟು ನೋಡಿದ್ಯಾ?”

“ನೋಡಿದೆ!”

“ಹಗ್ಗ ಹಿಡಿದಿದ್ಯಾ?”

“ಹಿಡಿದಿದೀನಿ!”

“ಎಳೀರ್‍ಲಾ!”

ಎಳೆದರು. ಬೂಟು ಬರಲಿಲ್ಲ. ಮಂಚ ಬಂತು. ಬಂದ ಮಂಚ ಬೀರುವಿಗೆ ಗುದ್ದಿತು. ಬೀರುವಿನ ಮೇಲಿದ್ದ ಸೂಟ್‌ಕೇಸು ಝುಬೇರನ ಹೆಗಲ ಮೇಲೆ ಇಳಿಯಿತು.

ಸರಿಯಾಗಿ ಆಗಲೇ ಗುಬ್ಬಿಯ ಟೆಂಪೋ ಬಾಗಿಲಿಗೆ ಬಂದು ನಿಂತಿತು. ಇಪ್ಪತ್ತೆರಡು ಜನ ಇಳಿದರು. ಚಿಕ್ಕರಂಗಯ್ಯನವರು ಹಾಲ್‌ನಲ್ಲಿ ಕೂತು, ಪಾನಕ ಹೀರಿ, ಗೋಡೆ ಗಡಿಯಾರವನ್ನೂ ತಮ್ಮ ಕೈಗಡಿಯಾರವನ್ನೂ ತಾಳೆ ನೋಡಿದರು.

“ಎಲ್ಲಮ್ಮಾ ನಿಮ್ಮ ಮಗ? ಕಾಣ್ನಿಲ್ಲ?”

“ಪೂಜೆಗೆ ಕೂತವ್ನೆ,” ಎಂದರು ಸುಬ್ಬಲಕ್ಷ್ಮಮ್ಮ.

ಒಳಗಿನಿಂದ “ಅಯ್ಯಯ್ಯೋ, ಕಾಲು ಬಂತು, ಕಾಲು!” ಎಂಬ ಕೂಗು ಕೇಳಿಸಿತು.

“ಜೋರು ಪೂಜೆ,” ಎಂದರು ಚಿಕ್ಕರಂಗಯ್ಯ. “ಆಗ್ಲಿ ಬುಡಿ. ಹತ್ತೂಕಾಲು ಆತು.”

ಸುಬ್ಬಲಕ್ಷ್ಮಮ್ಮ ಬೇಗ ನಡೆಯುವವರಲ್ಲ. ನಿಧಾನವಾಗಿ ಎದ್ದು, ಹೆಣ್ಣುಮಕ್ಕಳಿಗೆ ಬಳೆ ತೊಡಿಸುತ್ತಿದ್ದ ಜಗಲಿಗೆ ಹೋದರು. ಝುಬೇರನ ತಾಯಿ, ಬಳೆಗಾರ್ತಿ ಮೆಹತಾಬ್ ಅಲ್ಲಿ ಇಂಪನಾಳ ಸೋದರತ್ತೆಯ ಕೈ ಹಿಡಿದಿದ್ದಳು. ಇಡ್ಲಿ ಹಿಟ್ಟಿನಂತೆ ಉಬ್ಬಿದ ಕೈ. ಮೆಹತಾಬ್ ಆ ಅತ್ತೆಯ ಸೊಸೆಯನ್ನು ಬೈಯುತ್ತಾ ಕೂತಿದ್ದಳು. ಅತ್ತೆ ತಾವೂ ಜೊತೆಗೂಡಿ ಬೈಯುವಷ್ಟರಲ್ಲಿ ಹನ್ನೆರಡು ಬಳೆ ಮಣಿಕಟ್ಟಿಗೆ ಸೇರಿದ್ದವು. ನೋವು ಗೊತ್ತೇ ಆಗಿರಲಿಲ್ಲ. ಸುಬ್ಬಲಕ್ಷ್ಮಮ್ಮ ಒಂದು ಗಳಿಗೆ ನಿಂತು ನೋಡಿದರು.

“ಮೆಹತಾಬ್, ಒಳಗೊಂದು ಕಾಲೈತೆ, ಬಾ,” ಎಂದರು.

ಮೆಹತಾಬ್ ಬಂದು, ಸೊಂಟಪಟ್ಟಿ, ಹಗ್ಗ, ಮಂಚ, ಎಲ್ಲದರ ಮೇಲೂ ಒಮ್ಮೆ ಕಣ್ಣಾಡಿಸಿ, ಮಗನತ್ತ ತಿರುಗಿದಳು. “ಇದನ್ನ ಬೆಟ್ಟದಿಂದ ಇಳಿಸ್ತಾ ಇದೀರೋ, ಬಾವಿಯಿಂದ ಎತ್ತುತಾ ಇದೀರೋ? ಬಿಚ್ಚು ಎಲ್ಲಾ. ಅಕ್ಕಾ, ಎರಡು ಖಾಲಿ ಹಾಲಿನ ಕವರು, ಒಂದಿಷ್ಟು ಕೊಬ್ಬರಿ ಎಣ್ಣೆ ಕೊಡಿ.”

ಕವರನ್ನು ಸೀಳಿ, ಎಣ್ಣೆ ಸವರಿ, ಚಮಚದ ಹಿಡಿಯಿಂದ ಹಿಮ್ಮಡಿಗೂ ಬೂಟಿಗೂ ನಡುವೆ ಮೆಲ್ಲಗೆ ತೂರಿಸಿದಳು. ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು.

“ಮಗಾ, ಮಧುಗಿರಿ ಬೆಟ್ಟ ಹೆಂಗೆ ಹತ್ತಿದೆ, ಹೇಳು ಕೇಳೋಣ.”

ಇಂಥ ಪ್ರಶ್ನೆಯನ್ನು ಈ ಮನೆಯಲ್ಲಿ ಯಾರೂ ಈವರೆಗೆ ತಾವಾಗಿ ಕೇಳಿದ್ದಿಲ್ಲ. ಮೋಹನ್‌ಕುಮಾರನ ಮುಖ ಅರಳಿತು. “ಅದಾ? ನೋಡಿ, ಮಳೆ ಬೀಳೋ ಹಂಗಿತ್ತು. ಎಲ್ರೂ ಬೇಡ ಅಂದ್ರು. ನಾನಂದೆ...” ಎಂದು ಎರಡೂ ಕೈ ಗಾಳಿಯಲ್ಲಿ ಚಾಚಿದ. ಪಕ್ ಎಂದಿತು. ಎಡಗಾಲಿನ ಬೂಟು ಮೆಹತಾಬಳ ಕೈಯಲ್ಲಿತ್ತು.

ಹತ್ತು ಇಪ್ಪತ್ತೆರಡು. ಹೊರಗೆ ಪುರೋಹಿತರು ಗಂಟಲು ಸರಿಮಾಡಿಕೊಂಡರು.

ಬಲಗಾಲು ಮಾತ್ರ ಈ ಉಪಾಯಕ್ಕೆ ಹುಷಾರಾಗಿಬಿಟ್ಟಿತ್ತು. ಮೋಹನ್‌ಕುಮಾರ್ ದೇವರಾಯನದುರ್ಗದ ಕಥೆ ಹೇಳಿದ, ಸಿದ್ಧರಬೆಟ್ಟದ ಕಥೆ ಹೇಳಿದ. ಬಾಯಿ ಹೇಳುತ್ತಿತ್ತು, ಕಣ್ಣು ಬೂಟನ್ನೇ ನೋಡುತ್ತಿತ್ತು, ಬೆರಳು ಇನ್ನೂ ಬಿಗಿಯಾಗುತ್ತಿತ್ತು. ಹತ್ತು ಇಪ್ಪತ್ತೈದು. “ಟೆಂಪೋ ಡ್ರೈವರ್ ಎಲ್ಲವ್ನೆ ನೋಡ್ರಪ್ಪಾ,” ಎಂದು ಹಾಲ್‌ನಿಂದ ಚಿಕ್ಕರಂಗಯ್ಯನವರ ದನಿ ಕೇಳಿಸಿತು. ಬಾಗಿಲ ಸಂದಿಯಲ್ಲಿ ರೇಷ್ಮೆ ಸೀರೆಯ ಇಂಪನಾ ಬಂದು ನಿಂತಳು. ಅಣ್ಣನನ್ನು ಸುಮ್ಮನೆ ನೋಡಿದಳು.

“ಅಮ್ಮೀ, ಒಂದು ಕಥೆ ಐತೆ. ನಾನು ಹೇಳ್ಲಾ?” ಎಂದ ಝುಬೇರ್.

“ಲೇ ಝುಬೇರ್! ಬೇಡ ಕಣೋ!”

“ಹೋದ ವರ್ಷ, ಕುಣಿಗಲ್ ಕಡೆ ಬಂಡೆ. ಅರ್ಧಕ್ಕೆ ಹೋಗಿ ನಿಂತವ್ನೆ. ಹತ್ತಲ್ಲ, ಇಳಿಯಲ್ಲ. ಕೇಳಿದ್ರೆ ಸೀನರಿ ನೋಡ್ತಾ ಇದೀನಿ ಅಂತಾನೆ.”

“ನೋಡ್ತಾನೇ ಇದ್ದೆ! ಕೆರೆ ಚೆನ್ನಾಗಿ ಕಾಣ್ತಿತ್ತು!”

“ಒಂದೂವರೆ ಗಂಟೆ ನೋಡಿದ. ಕೊನೇಗೆ ನಾನು ಹತ್ತಿ ಪಕ್ಕ ಹೋದೆ. ನನ್ನ ಕೈ ಹಿಡ್ಕೊಂಡು ಏನಂದ ಗೊತ್ತಾ? ‘ಝುಬೇರ್, ನಮ್ಮಮ್ಮನ್ನ ಕರ್ಕೊಂಡ್ ಬಾರೋ’ ಅಂದ.”

ಸುಧಾ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮಾನ ಹೋದ ಮೋಹನ್‌ಕುಮಾರ್ ಎದ್ದು ಝುಬೇರನ ಕಾಲರಿಗೆ ಕೈ ಹಾಕಿದ. ಎದ್ದು ನಿಂತಾಗಲೇ ಗೊತ್ತಾದದ್ದು, ಎರಡೂ ಕಾಲು ಬರಿಗಾಲು!

“ನೋಡ್ದಾ? ಬಂದೇಬಿಡ್ತು,” ಎಂದಳು ಮೆಹತಾಬ್, ಎಣ್ಣೆ ಕೈ ಒರೆಸಿಕೊಳ್ಳುತ್ತಾ.

ಸುಬ್ಬಲಕ್ಷ್ಮಮ್ಮನವರಿಗೆ ನಗು ಬಂದಿರಲಿಲ್ಲ. “ಒಂದು ಫೋನ್ ಮಾಡಿದ್ರೆ ಬರ್ತಿರ್ಲಿಲ್ವಾ ನಾನು?” ಎಂದಷ್ಟೇ ಕೇಳಿದರು.

ಹತ್ತು ಇಪ್ಪತ್ತೆಂಟಕ್ಕೆ ತಾಂಬೂಲ ಬದಲಾಯಿತು. ಆಮೇಲೆ ಹುಡುಗ ಭಾವನ ಕಾಲಿಗೆ ಬಗ್ಗಿದ, ಬಗ್ಗಿದವನು ಹಾಗೇ ನಿಂತ. ಬಣ್ಣ ಬಿಟ್ಟ ಚರ್ಮ ಎರಡು ಪಾದಗಳನ್ನೂ ಹಿಮ್ಮಡಿಯವರೆಗೆ ಗಿಳಿಹಸಿರು ಮಾಡಿತ್ತು.

“ಇದೇನಮ್ಮಾ, ಪಾದ ಹಸ್ರಾಗೈತೆ?” ಎಂದರು ಚಿಕ್ಕರಂಗಯ್ಯ.

“ನಮ್ಮ ಕಡೆ ಹೆಣ್ಣಿನ ಅಣ್ಣಂಗೆ ಹಿಂಗೇ ಹಚ್ಚೋದು, ಶಾಸ್ತ್ರ,” ಎಂದಳು ಸುಧಾ, ರೆಪ್ಪೆ ಬಡಿಯದೆ.

ಚಿಕ್ಕರಂಗಯ್ಯನವರು ಹೊಸ ಗೌರವದಿಂದ ಆ ಪಾದಗಳನ್ನು ನೋಡಿದರು. “ಶಾಸ್ತ್ರ ಅಂದ್ರೆ ಹಿಂಗಿರ್ಬೇಕು. ಮದುವೇಲಿ ನಮ್ಮೋರಿಗೂ ಹಚ್ಚಿಸ್ಬುಡಿ. ಗಂಡಸರು ಒಂದು ನಲ್ವತ್ತು ಜನ ಆಗ್ತೀವಿ.”

ಸಂಜೆ ಮನೆ ಖಾಲಿಯಾದ ಮೇಲೆ, ಮೋಹನ್‌ಕುಮಾರ್ ಕುಂಟುತ್ತಾ ಅಡುಗೆಮನೆಗೆ ಬಂದ. ನೀರು ಕುಡಿದ. ಬೇಕಿಲ್ಲದ ಡಬ್ಬಿಯೊಂದರ ಮುಚ್ಚಳ ತೆಗೆದು ಮುಚ್ಚಿದ. ಸುಧಾ ಅತ್ತ ಹೋಗುವವರೆಗೆ ಕಾದು, ದನಿ ತಗ್ಗಿಸಿದ.

“ಅಮ್ಮಾ, ಭಾನುವಾರ ಏನಾದ್ರೂ ಕೆಲಸ ಐತಾ ನಿಂಗೆ?”

“ಯಾಕಪ್ಪಾ?”

“ಏನಿಲ್ಲ. ಹುಲಿಯೂರುದುರ್ಗ. ಹತ್ತೋದೇನ್ ಬೇಡ. ಬುಡದಲ್ಲಿ ನೆರಳೈತೆ. ಸುಮ್ನೆ ಕೂತಿದ್ರೆ ಸಾಕು, ನಂಗೆ ಕಾಣೋ ಹಂಗೆ.”

“ಎಷ್ಟು ಜನ ಹೋಗ್ತೀರಾ?”

“ಐದು. ನೀನೂ ಸೇರಿ ಆರು.”

ಸುಬ್ಬಲಕ್ಷ್ಮಮ್ಮ ಎದ್ದು, ಆರು ಜನದ ಚಿತ್ರಾನ್ನಕ್ಕೆ ಅಕ್ಕಿ ಸಾಕಾಗುತ್ತದೋ ಎಂದು ಡಬ್ಬಿ ಬಗ್ಗಿಸಿ ನೋಡಿ, ಮೂರು ಪಾವು ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಕಲ್ಲು ಆರಿಸತೊಡಗಿದರು.